ಉತ್ತರ ಬಲ್ಲ ಇಬ್ಬರು

ನಮ್ಮ ಗೀಗೀ ಮೇಳದಲ್ಲಿ ನಾವು ನಾಲ್ವರು. ನನ್ನ ಚಿಕ್ಕಪ್ಪ, ಅಂದರೆ ಕಾಕಾ, ದಪ್ಪು ಬಡಿದು ಹಾಡುತ್ತಾರೆ, ನಾನು ಒಂಟಿತಂತಿಯ ತುಂತುಣಿ ಮೀಟುತ್ತೇನೆ, ಉಳಿದಿಬ್ಬರು ಹಿಂದೆ ನಿಂತು ‘ಗೀಯ ಗೀಯ’ ಎಂದು ಸೊಲ್ಲು ಎತ್ತುತ್ತಾರೆ. ಇಷ್ಟೆಲ್ಲದರಲ್ಲಿ ಕಾಕಾ ಪೂರ್ತಿಯಾಗಿ ನಂಬಿರುವುದು ದಪ್ಪನ್ನು ಮಾತ್ರ.

ಕಾರಣವಿತ್ತು. ನಮ್ಮ ಹಾಡಿಕೆಯಲ್ಲಿ ಎರಡು ಮೇಳಗಳು ಎದುರುಬದುರು ನಿಲ್ಲುತ್ತವೆ. ಒಬ್ಬರು ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಜವಾಬು ಸರಿಹೋದರೆ, ಸವಾಲು ಹಾಕಿದವನ ದಪ್ಪಿಗೆ ಕಟ್ಟಿದ ಗೊಂಡೆಯನ್ನು ಎದುರಿನವರು ಬಿಚ್ಚಿಕೊಂಡು ಹೋಗುತ್ತಾರೆ. ಕಾಕಾರ ಕೆಂಪು ಗೊಂಡೆ ಮೂವತ್ತು ವರ್ಷಗಳಿಂದ ಇದ್ದಲ್ಲೇ ತೂಗುತ್ತಿತ್ತು. ಅದನ್ನು ಕಾಯುತ್ತಿದ್ದುದು ಈ ಸವಾಲು:

ಅಕ್ಕ ತಂಗಿ ಇಬ್ಬರು, ಒಂದ ಮನಿಯಾಗ ಇದ್ದರು
ಕೆಳಗಿನಾಕಿ ಏಳಲಿಲ್ಲ, ಮ್ಯಾಗಿನಾಕಿ ನಿಲ್ಲಲಿಲ್ಲ
ಇಬ್ಬರ ಜಗಳದಾಗ ಊರ ಹೊಟ್ಟಿ ತುಂಬಿತ
ಯಾರ ಹೇಳೋ ಜಾಣಾ

ಭೂಮಿ ಆಕಾಶ ಎಂದು ಒಂದು ಮೇಳ ಹಾಡಿತು. ಕಾಯ ಜೀವ ಎಂದು ಇನ್ನೊಂದು. ಕಾಗವಾಡ ಕಡೆಯ ಹಾಡುಗಾರನೊಬ್ಬ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಮಾಯೆ, ಬ್ರಹ್ಮ, ಷಟ್ಚಕ್ರ ಎಲ್ಲವನ್ನೂ ಮುಗಿಸಿ ನೀರು ಕೇಳಿದ. ಕಾಕಾ ಕಣ್ಣು ಮುಚ್ಚಿ, ಪಾಪ ಎನ್ನುವ ಹಾಗೆ ತಲೆಯಾಡಿಸಿದರು.

ಉತ್ತರ ಬಲ್ಲವರು ಭೂಮಂಡಲದಲ್ಲಿ ಇಬ್ಬರೇ: ಕಾಕಾ ಮತ್ತು ನಾನು. ಹನ್ನೆರಡು ವರ್ಷದ ಹಿಂದೆ ಅವರು ಎದೆನೋವು ಬಂದು ಮಿರಜಿನ ದವಾಖಾನೆಗೆ ಹೋಗಿ ಬಂದ ವಾರ ನನ್ನನ್ನು ಆಳೆತ್ತರದ ಕಬ್ಬಿನೊಳಗೆ ಕರೆದೊಯ್ದಿದ್ದರು. ನಾಲ್ಕೂ ಕಡೆ ಒಣ ಗರಿಯ ರವದಿ ಸರಿಸಿ ನೋಡಿ, ಆಣೆ ಹಾಕಿಸಿಕೊಂಡು, ಕಿವಿಯಲ್ಲಿ ಹೇಳಿದರು. ಎದೆನೋವು ವಾಸಿಯಾಯಿತು. ಹೇಳಿಬಿಟ್ಟೆನಲ್ಲ ಎಂಬ ನೋವು ವಾಸಿಯಾಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಕೊಕಟನೂರಿನ ಹೊರಗೆ, ಹಂಗಾಮು ಮುಗಿದು ಖಾಲಿ ಬಿದ್ದ ಒಂದು ಬೆಲ್ಲದ ಗಾಣದ ಮನೆಯಲ್ಲಿ ಹಳೆಯ ಹಾಡಿಕೆಯವರೆಲ್ಲ ಕೂಡಿದೆವು. ಕರೆಸಿದವರು ಜೈನ ಸಾವಕಾರರು. ಹೊತ್ತು ಮುಳುಗುವ ಮೊದಲು ಅವರ ಮನೆಯಲ್ಲಿ ಊಟ ಮುಗಿಯಬೇಕು, ಅದಕ್ಕೂ ಮೊದಲು ಹಾಡು ಮುಗಿಯಬೇಕು. ಹೀಗಾಗಿ ನಾವು ಬೆಳಿಗ್ಗೆ ಎಂಟಕ್ಕೇ ನಮ್ಮೂರು ಅಲಖನೂರು ಬಿಟ್ಟೆವು. ಟಂಟಂ ರಿಕ್ಷಾ ಹತ್ತುವ ಮೊದಲೇ ಕಾಕಾ ನಮ್ಮೆಲ್ಲರ ಮೊಬೈಲುಗಳನ್ನು ಕೈಚೀಲಕ್ಕೆ ಹಾಕಿಸಿ, ಚೀಲದ ಮೇಲೆ ತಾವು ಕುಳಿತರು. ಇವತ್ತು ಯಾವ ಪದ ಹಾಡ್ತೀರಿ ಎಂದು ಚಾಲಕ ಸುಮ್ಮನೆ ಕೇಳಿದ. ಕೃಷ್ಣಾ ನದಿ ದಾಟುವವರೆಗೂ ಕಾಕಾ ಅವನ ಬೆನ್ನನ್ನೇ ನೋಡುತ್ತಿದ್ದರು.

ಎದುರಿಗೆ ನಿಲ್ಲುವ ಮೇಳ ಅನಂತಪುರದ್ದು. ಅದು ನನ್ನ ಹೆಂಡತಿಯ ತವರೂರು. ಇದಕ್ಕಾಗಿ ಕಾಕಾ ನನ್ನನ್ನು ಈವರೆಗೆ ಕ್ಷಮಿಸಿಲ್ಲ, ಆ ಹೆಣ್ಣನ್ನು ನೋಡಿ ಒಪ್ಪಿದವರು ಅವರೇ ಆಗಿದ್ದರೂ. ಆ ಮೇಳದಲ್ಲಿ ಈ ಸಲ ಹೊಸದಾಗಿ ಒಬ್ಬ ಹೆಣ್ಣುಮಗಳು ಮುಂದೆ ನಿಂತು ಹಾಡುವವಳಿದ್ದಳು. ನೋಡಿದರೆ ನನ್ನ ಹೆಂಡತಿಯ ಅಣ್ಣನ ಮಗಳು! ನೆಟ್ಟಗೆ ಬಂದು ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ಪಕ್ಕದಲ್ಲಿ ಯಾರೋ ದಪ್ಪು ಕಾಯಿಸಿ ಬಡಿದು ನೋಡುತ್ತಿದ್ದರು, ಮಾತು ಕೇಳಿಸದು. ಕಿವಿಯ ಹತ್ತಿರ ಬಾಗಿ, ಅತ್ತೆಯ ಮೊಣಕಾಲು ಹೇಗಿದೆ ಎಂದು ಕೇಳಿದಳು. ನಾನೂ ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ. ತಲೆಯೆತ್ತಿದರೆ ಕಾಕಾ.

“ಏನಂದ್ಳು?”

“ನಿಮ್ಮ ಸೊಸಿ ಮೊಣಕಾಲ ಹೆಂಗೈತಿ ಅಂತ ಕೇಳಿದ್ಳ್ರಿ.”

“ಮೊಣಕಾಲ ಯಾರರೆ ಕಿವ್ಯಾಗ ಕೇಳ್ತಾರೇನ್ಲೇ?”

ಆಮೇಲೆ ಅವರು ಚಹಾವನ್ನೂ ನನ್ನಿಂದ ದೂರ ನಿಂತು ಕುಡಿದರು. ವಿಚಿತ್ರವೆಂದರೆ ನನಗೂ ನನ್ನ ಮೇಲೆ ಸಂಶಯ ಹುಟ್ಟಿತು. ನಿದ್ದೆಯಲ್ಲಿ ಬಡಬಡಿಸಿದೆನೆ? ಹಲ್ಲು ಕೀಳಿಸುವಾಗ ಮಂಪರಿನಲ್ಲಿ ಏನಾದರೂ ಅಂದೆನೆ? ಹಿಂದಿನ ಹನ್ನೆರಡು ವರ್ಷಗಳನ್ನು ಜಾಲಾಡಿದೆ. ನಿರಪರಾಧಿ ಎಂದೇ ಕಂಡೆ, ಆದರೆ ಬರೆದುಕೊಡುವಷ್ಟು ಧೈರ್ಯ ಬರಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ಕಾಕಾ ಸವಾಲು ಹಾಕಿದರು. ದನಿ ಸವೆದಿತ್ತು, ಗತ್ತು ಸವೆದಿರಲಿಲ್ಲ. ಜಾಣಾ ಎಂದು ಎಳೆದು ನಿಲ್ಲಿಸಿ, ಪದ್ಧತಿಯಂತೆ ಕಣ್ಣು ಮುಚ್ಚಿದರು. ಅನಂತಪುರದವಳು ಯೋಚಿಸಲೂ ಇಲ್ಲ. ಕೆಳಗಿನ ಕಲ್ಲು ತಂಗಿ, ಮೇಲಿನ ಕಲ್ಲು ಅಕ್ಕ, ಜೋಳ ಹಾಕಿದರೆ ಜಗಳ, ಇದು ಬೀಸುವ ಕಲ್ಲಲ್ಲವೇನೋ ಅಜ್ಜಾ ಎಂದು ಎರಡೇ ನುಡಿಯಲ್ಲಿ ಹಾಡಿ ಮುಗಿಸಿದಳು.

ಕಾಕಾ ಕಣ್ಣು ತೆರೆದರು. ಅವಳನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ, ತುಂಬಿದ ಸಭೆಯಲ್ಲಿ, ನನ್ನ ಕೈಯಿಂದ ತುಂತುಣಿ ತೆಗೆದುಕೊಂಡರು.

“ನಿನ್ನ ಮೇಳ ಆ ಕಡೆ ಐತಿ. ಅಲ್ಲೇ ಹೋಗಿ ನಿಂದ್ರು.”

ಮೂವತ್ತು ವರ್ಷ ಅದೇ ತಂತಿ ಮೀಟಿದ ಬೆರಳು ಖಾಲಿಯಾಗಿ ಅಂಗಿಯ ಗುಂಡಿ ಹಿಡಿದು ನಿಂತಿತು. ನಾನು ಹೇಳಿಲ್ಲ ಎಂದೆ. ಹೇಳುವಾಗ ನನ್ನ ದನಿ ಕಳ್ಳನ ದನಿಯ ಹಾಗೇ ಇತ್ತು. ಹುಡುಗಿಗೆ ಗಾಬರಿಯಾಯಿತು.

“ಇದನ್ನ ಯಾರ ಹೇಳ್ಬೇಕ್ರಿ ಅಜ್ಜಾರ? ನಮ್ಮ ಆಯಿ ಬೀಸ್ಕೋತ ದಿನಾ ಇದನ್ನ ಹಾಡ್ತಿದ್ಳ್ರಿ. ನಿಮ್ದು ಅದ ಪದ. ದಪ್ಪು ಒಂದ ಹೆಚ್ಚು.”

ಹೆಣ್ಣುಮಕ್ಕಳು ಕುಳಿತ ಕಡೆಯಿಂದ, ಸೆರಗು ಬಾಯಿಗೆ ಒತ್ತಿದ ನಗೆ ಎದ್ದಿತು. ಹಲ್ಲಿಲ್ಲದ ಮುದುಕಿಯೊಬ್ಬಳು, ಇಷ್ಟು ವರ್ಷ ನೀವು ಗಂಡಸರು ಬೇಕಂತಲೇ ಭೂಮಿ ಆಕಾಶ ಅನ್ನುತ್ತೀರಿ ಅಂದುಕೊಂಡಿದ್ದೆವು, ನಮ್ಮನ್ನು ಕೇಳಿದವರು ಯಾರು ಎಂದಳು. ಹಾಡಿಕೆಯವನ ಬಾಯಲ್ಲಿ ಬಂದದ್ದೆಲ್ಲ ವೇದಾಂತವೇ ಇರಬೇಕೆಂದು ಮೂವತ್ತು ವರ್ಷ ಗಂಡಸರು ಬ್ರಹ್ಮಾಂಡವನ್ನು ಹುಡುಕಿದ್ದರು. ಉತ್ತರ ಅವರವರ ಅಡುಗೆಮನೆಯ ಮೂಲೆಯಲ್ಲಿ ಬಿದ್ದಿತ್ತು.

ಹುಡುಗಿ ಗೊಂಡೆ ಬಿಚ್ಚಿಕೊಂಡಳು. ಊಟಕ್ಕೆ ಕಾಕಾ ಕೂಡ್ರಲಿಲ್ಲ. ಟಂಟಂನಲ್ಲಿ ದಪ್ಪು, ತುಂತುಣಿ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು, ಎಲ್ಲವೂ ಮೊದಲೇ ಮಾತಾಡಿಕೊಂಡದ್ದು, ಮುದುಕಿಯನ್ನೂ ಒಳಗೆ ಹಾಕಿಕೊಂಡಿದ್ದಾರೆ ಎಂದರು. ಹಾಗಿದ್ದರೆ ಮನೆಯಲ್ಲಿ ಕಾಕುವನ್ನು, ಅವರ ಹೆಂಡತಿಯನ್ನು, ಕೇಳೋಣ ಎಂದೆ. ಕೇಳೇಬಿಡೋಣ ಎಂದರು.

ಅಲಖನೂರಿಗೆ ಬಂದಾಗ ಇನ್ನೂ ಬೆಳಕಿತ್ತು. ಕಾಕು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಂಡನ ಹಾಡಿಕೆ ಕೇಳಲು ಅವಳು ಒಮ್ಮೆಯೂ ಹೊರಗೆ ಬಂದವಳಲ್ಲ. ಕಾಕಾ ಹೊಸ್ತಿಲಲ್ಲಿ ನಿಂತು, ಸಾಕ್ಷಿ ವಿಚಾರಿಸುವವರ ಹಾಗೆ, ಸವಾಲನ್ನು ಹಾಡದೆ ಬರೀ ಮಾತಿನಲ್ಲಿ ಹೇಳಿದರು. ಕಾಕು ಮೊರದಿಂದ ಕಣ್ಣೆತ್ತಲಿಲ್ಲ.

“ಬೀಸೂ ಕಲ್ಲ. ನಮ್ಮತ್ತಿ, ನಿಮ್ಮವ್ವ, ಹಾಡ್ತಿದ್ರಲ್ಲ. ನಿಮಗ ನೆನಪಿಲ್ಲೇನ?”

ಕಾಕಾ ನಿಧಾನವಾಗಿ ನನ್ನ ಕಡೆ ತಿರುಗಿದರು.

“ಲೇ, ಇಕಿಗಿ ಯಾವಾಗ ಹೇಳ್ದಿ?”

ನಾನು ಕೈ ಚಾಚಿ ನಿಂತೆ. ಅವರು ತುಂತುಣಿಯನ್ನು ಕೊಟ್ಟರು, ಸಾಲ ಕೊಡುವವರ ಮುಖ ಮಾಡಿಕೊಂಡು. ಈಗ ಮೇಳಕ್ಕೆ ಹೊಸ ಸವಾಲೊಂದು ಕಟ್ಟಿದ್ದಾರೆ. ಉತ್ತರವನ್ನು ಯಾರಿಗೂ ಹೇಳಿಲ್ಲ. ಅವರಿಗಾದರೂ ಗೊತ್ತಿದೆಯೇ ಎಂದು ನಾನು ಮೀಟುತ್ತಾ ಅವರ ಮುಖವನ್ನೇ ನೋಡುತ್ತಿರುತ್ತೇನೆ.