ಕರೆತಂದವರ ಕಲಂ

ತೀವ್ರ ನಿಗಾ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ನೆಲ ಒರೆಸಿದ ಆಯಾಳ ಎದುರು ಎರಡು ವಿಷಯಗಳಲ್ಲಿ ಯಾರೂ ಬಾಯಿ ತೆರೆಯುವಂತಿರಲಿಲ್ಲ: ಫಿನಾಯಿಲ್ ಎಷ್ಟು ಬೆರೆಸಬೇಕು, ಹೆಂಗಸರು ಯಾಕೆ ಸಾಯುತ್ತಾರೆ.

ರಕ್ತಕ್ಕೆ ನಂಜು ಏರಿ ಬಂದವರಲ್ಲಿ ಗಂಡಸರು ಹೆಚ್ಚು ಬದುಕುತ್ತಾರೋ ಹೆಂಗಸರೋ ಎಂದು ಡಾಕ್ಟರಮ್ಮ ಪಟ್ಟಿ ಮಾಡುತ್ತಿದ್ದರು. ವಯಸ್ಸು, ಬಿಪಿ, ಕಿಡ್ನಿ, ಎಲ್ಲಕ್ಕೂ ಒಂದೊಂದು ಕಲಂ. ಆಯಾ ಇಣುಕಿ ನೋಡಿದಳು.

“ಇಷ್ಟೆಲ್ಲ ಯಾಕೆ ಡಾಕ್ಟ್ರಮ್ಮ? ಗಂಡಸ್ರು ಮೈ ಬೆಚ್ಚಗಾದ್ರೆ ಓಡಿ ಬರ್ತಾರೆ. ಹೆಂಗಸ್ರು ಪಾತ್ರೆ ತೊಳೆದು, ಬಟ್ಟೆ ಒಣಗಿಸಿ, ಪ್ರಜ್ಞೆ ತಪ್ಪಿದ ಮೇಲೆ ಬರ್ತಾರೆ.”

“ಅದಕ್ಕೆ ಕಲಂ ಇಲ್ವಲ್ಲ,” ಎಂದರು ಡಾಕ್ಟರಮ್ಮ.

ಗಂಡಸರ ಉದಾಹರಣೆ ಅವಳ ಮನೆಯಲ್ಲೇ ಇತ್ತು. ಗಂಡ ದರ್ಜಿ; ಸೂಜಿಯಿಂದಲೇ ಹೊಟ್ಟೆ ಹೊರೆಯುವವನಿಗೆ ಇಂಜೆಕ್ಷನ್ ಕಂಡರೆ ಜೀವ ಹೋಗುತ್ತಿತ್ತು. ಬಿಕ್ಕಳಿಕೆಗೆ ಇಸಿಜಿ ಮಾಡಿಸಿಕೊಂಡ ಪುಣ್ಯಾತ್ಮ. ನರ್ಸುಗಳು ಅವನಿಗೆ ಪುಕ್ಕಲ ಎಂದು ಹೆಸರಿಟ್ಟು ಮುಸಿಮುಸಿ ನಗುತ್ತಿದ್ದರು. ಆಯಾ ನಾಚಿಕೆಯಿಂದ ಬಕೆಟ್ ಎತ್ತಿಕೊಂಡು ಬೇರೆ ಕಡೆ ಹೋಗುತ್ತಿದ್ದಳು.

ಒಂದು ದಿನ ಆ ಬಕೆಟ್ಟಿನ ಒಡಕು ಅಂಚೇ ಅವಳ ಹಿಮ್ಮಡಿ ಸೀಳಿತು. ಬಟ್ಟೆ ಸುತ್ತಿಕೊಂಡು ಸುಮ್ಮನಾದಳು. ಮೂರನೇ ದಿನ ಕಾಲು ಊದಿತು, ಐದನೇ ದಿನ ಚಳಿಜ್ವರ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಅಂದರೆ ಇದೇ. ಆರನೇ ದಿನ ಅವಳ ಮಾತು ತೊದಲಿತು.

“ನಡಿ, ಆಸ್ಪತ್ರೆಗೆ,” ಎಂದ ಗಂಡ, ನಡುಗುತ್ತ.

“ಬಟ್ಟೆ ಒಣಗಿಸಿ ಬರ್ತೀನಿ, ಇರಿ.”

ಅವನು ಕಾಯಲಿಲ್ಲ. ಒದ್ದೆ ಬಟ್ಟೆಯ ಬುಟ್ಟಿಯನ್ನು ಒದ್ದು, ಅವಳನ್ನು ಎತ್ತಿ ಆಟೋಗೆ ಹಾಕಿದ.

“ಎಷ್ಟು ದಿನದ ಜ್ವರ?” ಡಾಕ್ಟರಮ್ಮ ಕೇಳಿದರು.

“ಇವತ್ತು ಬೆಳಗ್ಗೆಯಿಂದ,” ಎಂದಳು ಆಯಾ.

“ಸುಳ್ಳು ಡಾಕ್ಟ್ರೇ. ಕಾಲು ಸೀಳಿ ಆರು ದಿನ ಆಯ್ತು,” ಎಂದ ಗಂಡ, ಅವಳಿಗೆ ಚುಚ್ಚುವ ಸೂಜಿ ಕಂಡು ಅಲ್ಲೇ ದೊಪ್ಪನೆ ಬಿದ್ದ.

ಒಂಬತ್ತು ದಿನ ಅವಳು ಸಾವು ಬದುಕಿನ ನಡುವೆ ತೂಗಾಡಿದಳು. ಹತ್ತನೇ ದಿನ ಕಣ್ಣು ಬಿಟ್ಟು ಮೊದಲು ನೆಲ ನೋಡಿದಳು. ಯಾರೋ ಕಾಟಾಚಾರಕ್ಕೆ ಒರೆಸಿದ್ದರು. ಡಾಕ್ಟರಮ್ಮ ಪಟ್ಟಿ ಹಿಡಿದು ಬಂದರು.

“ಇನ್ನರ್ಧ ದಿನ ತಡವಾಗಿದ್ರೆ ನಿಮ್ಮನ್ನ ಬೇರೆ ಕಲಂಗೆ ಹಾಕ್ಬೇಕಿತ್ತು. ನೋಡಿ, ಹೊಸದೊಂದು ಸೇರ್ಸಿದೀನಿ: ಕರ್ಕೊಂಡು ಬಂದವರು ಯಾರು? ಗಂಡ ಅಂತ ಬರೀಲಾ?”

ಅವನು ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತಿದ್ದ. ಬಿದ್ದ ದಿನದ ಬ್ಯಾಂಡೇಜು ಹಣೆಯ ಮೇಲೆ ಇನ್ನೂ ಇತ್ತು. ನರ್ಸುಗಳೆಲ್ಲ ನೋಡುತ್ತಿದ್ದರು. ಆಯಾ ಬಾಗಿಲ ಕಡೆ ನೋಡಿದಳು.

“ಪುಕ್ಕಲ ಗಂಡ ಅಂತ ಸರಿಯಾಗಿ ಬರೀರಿ ಡಾಕ್ಟ್ರಮ್ಮ,” ಎಂದಳು. “ಧೈರ್ಯವಂತರಾಗಿದ್ರೆ ನಾನು ಬಟ್ಟೆ ಒಣಗಿಸೋವರೆಗೂ ಕಾಯ್ತಿದ್ರು.”