ನಕ್ಷೆಯಲ್ಲಿ ಇಲ್ಲದ ಹುಣಸೆ ಮರಗಳು

ಮೊನ್ನೆ ಬೀರು ಖಾಲಿ ಮಾಡುವಾಗ ಹಳೆಯ ನೀಲಿ ನಕ್ಷೆಯೊಂದು ಸಿಕ್ಕಿತು. ಬಿಡಿಸಿದರೆ, ಪ್ರತಿ ತೆಗೆಯಲು ಆಗ ಬಳಸುತ್ತಿದ್ದ ಅಮೋನಿಯಾದ ಸಣ್ಣ ಘಾಟು ಇನ್ನೂ ಇತ್ತು. ನಿಮಗೆ ಆ ವಾಸನೆ ಗೊತ್ತಿರಲಿಕ್ಕಿಲ್ಲ. ಲೇಔಟುಗಳ ನಕ್ಷೆ ಬರೆದೇ ಹೊಟ್ಟೆ ಹೊರೆದ ನನಗೆ ಅದು ಮಲ್ಲಿಗೆಗಿಂತ ಪರಿಚಿತ. ಮೂಲೆಯಲ್ಲಿ ನನ್ನದೇ ಸಹಿ, ತುಸು ಜಂಬದ್ದು.

ಅದನ್ನು ಬರೆದ ಕಾಲಕ್ಕೆ ನನ್ನ ಆಫೀಸು ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹತ್ತಿರ ಇತ್ತು. ಆಫೀಸು ಅಂದರೆ ಒಂದು ಮೇಜು, ಎರಡು ಕುರ್ಚಿ. ಕಾಲು ಅಲ್ಲಾಡುವ ಕುರ್ಚಿ ಗಿರಾಕಿಗೆ. ತರೀಕೆರೆ ರಸ್ತೆಯಲ್ಲಿದ್ದ ತಮ್ಮ ಮೂರೆಕರೆಯನ್ನು ಸೈಟು ಮಾಡಿಸಲು ಶಿವಲಿಂಗಪ್ಪನವರು ಬಂದರು. ಜಮೀನು ಅಳೆದು, ಎಲ್ಲರೂ ಬರೆಯುವಂತೆಯೇ ಬರೆದೆ. ನೇರ ರಸ್ತೆ, ಚೌಕ ಸೈಟು, ಪಾರ್ಕಿಗೆ ಬಿಡಲೇಬೇಕಾದ ಜಾಗ ಮಾತ್ರ ಯಾರೂ ಕೊಳ್ಳದ ತಗ್ಗಿನ ಮೂಲೆಯಲ್ಲಿ. ಆ ಜಮೀನಿನಲ್ಲಿ ನಾಲ್ಕು ಹುಣಸೆ ಮರಗಳಿದ್ದವು. ನಿಜ ಹೇಳುತ್ತೇನೆ, ಅವುಗಳ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಅಳೆಯುವ ದಿನ ಅವುಗಳ ನೆರಳಲ್ಲೇ ಕೂತು ಬುತ್ತಿ ತಿಂದಿದ್ದೆ. ಬರೆಯುವಾಗ ಮರೆತಿದ್ದೆ, ಅಷ್ಟೇ. ಬಹಳ ಮರಗಳು ಹೋಗುವುದು ಹೀಗೆಯೇ.

ಆ ಮರಗಳ ಕೆಳಗೆ ನಾಗರತ್ನಮ್ಮನವರ ಇಸ್ತ್ರಿ ಗಾಡಿ ಇತ್ತು. ಮರ ಕಡಿಸುವ ಸುದ್ದಿ ಕೇಳಿ ಒಂದು ಮಧ್ಯಾಹ್ನ ನನ್ನ ಆಫೀಸಿಗೇ ಬಂದರು. ಅಳಲಿಲ್ಲ, ಬೇಡಲಿಲ್ಲ. ನಕ್ಷೆ ತೋರಿಸಿ ಅಂದರು. ಗೆರೆಗಳ ಮೇಲೆ ಬೆರಳಾಡಿಸಿ, ಯಾವುದು ಏನು ಎಂದು ಕೇಳಿ ತಿಳಿದುಕೊಂಡರು.

"ಬಾವಿ ಬರ್ದಿದ್ದೀರ, ಗಡಿ ಕಲ್ಲು ಬರ್ದಿದ್ದೀರ. ಇಷ್ಟು ದೊಡ್ಡ ಮರ ಕಾಣ್ಲಿಲ್ವಾ ಸಾರ್?"

ಮರುದಿನ ಟೇಪು ಹಿಡಿದು ಹೋದೆ. ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ನಾಲ್ಕೂ ಮರಗಳನ್ನು ನಕ್ಷೆಗೆ ಇಳಿಸಿದರೆ, ಮೂರು ಒಟ್ಟಿಗೇ ಇದ್ದವು. ಪಾರ್ಕನ್ನು ಅಲ್ಲಿಗೆ ತಂದು, ರಸ್ತೆಗೆ ಅಗೆದ ಮಣ್ಣಿನಿಂದ ತಗ್ಗು ತುಂಬಿಸಿ ಅಲ್ಲೂ ಸೈಟು ಮಾಡಿದರೆ ಲೆಕ್ಕದಲ್ಲಿ ಒಂದೂ ಕಡಿಮೆಯಾಗುತ್ತಿರಲಿಲ್ಲ. ನಂಬಿಕೆಯಾಗದೆ ಮೂರು ಸಲ ಎಣಿಸಿದೆ. ನಾಲ್ಕನೆಯ ಮರ ಮಾತ್ರ ಲೇಔಟಿನ ಬಾಗಿಲಲ್ಲೇ, ಒಳಗೆಲ್ಲ ಟೊಳ್ಳಾಗಿ ಕರೆಂಟಿನ ತಂತಿಯ ಕಡೆ ವಾಲಿತ್ತು. ಅದನ್ನು ತೆಗೆಸಿಬಿಡಿ, ಯಾರ ಮೇಲಾದರೂ ಬಿದ್ದೀತು ಎಂದು ನಾಗರತ್ನಮ್ಮನವರೇ ಹೇಳಿದರು.

ಶಿವಲಿಂಗಪ್ಪನವರನ್ನು ಮರದ ಹತ್ತಿರಕ್ಕೇ ಕರೆತಂದೆ. ಬೇರು ಮನೆಯ ಪಾಯ ಎತ್ತುತ್ತದೆ ಅಂದರು. ಪಾಯ ಎಷ್ಟು ದೂರ ಎಂದು ಅಳೆದು ತೋರಿಸಿದೆ. ಕೊನೆಗೆ ಮನಸ್ಸಿನಲ್ಲಿದ್ದದ್ದು ಹೊರಬಂತು. ಹುಣಸೆಯಲ್ಲಿ ದೆವ್ವ ಇರುತ್ತೆ ಅಂತ ಜನ ಹೆದರುತ್ತಾರೆ, ಎದುರಿನ ಸೈಟು ಯಾರು ಕೊಳ್ಳುತ್ತಾರೆ ಅಂದರು.

ನಾಗರತ್ನಮ್ಮ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟರು. "ಹದಿನೆಂಟು ವರ್ಷದಿಂದ ಇಲ್ಲೇ ನಿಂತಿದ್ದೀನಿ ಯಜಮಾನ್ರೇ. ಒಂದು ದೆವ್ವಾನೂ ಇಸ್ತ್ರಿಗೆ ಬಟ್ಟೆ ತಂದಿಲ್ಲ."

ಶಿವಲಿಂಗಪ್ಪನವರು ಗಂಭೀರವಾಗಿರಲು ನೋಡಿದರು, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ತಲೆಯೆತ್ತಿ ಮರವನ್ನು ನೋಡಿದರು.

"ಹಂಗೇ ಬರ್ಕೊಂಡು ಬನ್ನಿ," ಅಂದರು ನನಗೆ.

ಮೊದಲು ಮಾರಾಟವಾದದ್ದು ಪಾರ್ಕಿನ ಎದುರಿನ ಸೈಟುಗಳೇ. ಕೊಳ್ಳಲು ಬಂದವರು ಬಿಸಿಲಲ್ಲಿ ಸುತ್ತಿ ಸುಸ್ತಾಗಿ ಆ ನೆರಳಿಗೆ ಬಂದು ನಿಲ್ಲುತ್ತಿದ್ದರು. ಅಲ್ಲೇ ಮನಸ್ಸು ಮಾಡುತ್ತಿದ್ದರು. ನಾಗರತ್ನಮ್ಮನವರ ಗಾಡಿ ಪಾರ್ಕಿನ ಬೇಲಿಯ ಹೊರಗೆ ಈಗಲೂ ಇದೆ, ಸುತ್ತ ಮನೆಗಳಾದ ಮೇಲೆ ಅವರಿಗೆ ಪುರುಸೊತ್ತೇ ಇಲ್ಲ.

ಈ ವಾರ ಕಡೂರಿನಲ್ಲಿ ಹೊಸ ಲೇಔಟಿನ ಕೆಲಸ. ಕಂಪ್ಯೂಟರಿನಲ್ಲಿ ನಾನು ಮೊದಲು ಗುರುತು ಹಾಕಿದ್ದು ಎರಡು ಬೇವು, ಒಂದು ಹೊಂಗೆ. ರಸ್ತೆ ಆಮೇಲೆ, ಅವುಗಳನ್ನು ಸುತ್ತಿಕೊಂಡು. ರಸ್ತೆ ಯಾಕೆ ಸೊಟ್ಟ ಎಂದು ಮಾಲೀಕರು ಕೇಳಿದರು. ಸೈಟು ಎಣಿಸಿ ನೋಡಿ ಅಂದೆ. ಒಂದೊಂದಕ್ಕೂ ಬೆರಳಿಟ್ಟು ಎಣಿಸಿದರು, ಪೂರ್ತಿ ಇತ್ತು. ಪೆನ್ನು ಕೇಳಿ ಸಹಿ ಹಾಕಿದರು.