ಹುರುಳಿ ಹಾದಿಯಲ್ಲಿ ಕೆಂಪು ದೀಪ

ನಮ್ಮ ಫೈರ್ ಇಂಜಿನ್ನಿನ ಡ್ರೈವರ್ ಸುಬ್ರಹ್ಮಣ್ಯನಿಗೆ ವರ್ಷದಲ್ಲಿ ಹೆಚ್ಚು ಕಾಲ ಸಿಟ್ಟು ಬರುವುದಿಲ್ಲ. ಹುರುಳಿ ಕೀಳುವ ಕಾಲ ಬಂತೆಂದರೆ ಮಾತ್ರ ಅವನ ಹತ್ತಿರ ಟೀ ಲೋಟ ಹಿಡಿದು ಹೋಗಲೂ ಯೋಚಿಸಬೇಕು. ಗಾಡಿಯಲ್ಲಿ ಅವನ ಪಕ್ಕ ಕೂರುವವನು ನಾನು. ಬೈಗುಳದ ಮೊದಲ ಪಾಲು ನನಗೇ. ಆದರೂ ಅವನ ಸಿಟ್ಟು ಸುಳ್ಳು ಎಂದು ನಾನು ಹೇಳುವುದಿಲ್ಲ, ನನಗೂ ಅಷ್ಟೇ ಉರಿಯುತ್ತದೆ.

ಅವನು ಕೆ.ಆರ್. ಪೇಟೆ ಕಡೆಯ ಗೋವಿಂದನಹಳ್ಳಿಯವನು. ಅಪ್ಪ, ತಾತ ಕುಲುಮೆ ಮುಂದೆ ಕೂತು ಕುಡುಗೋಲು, ನೇಗಿಲ ಗುಳ ತಟ್ಟಿದವರು. ಅವರು ಬೆಂಕಿ ಊದಿ ಹೊಟ್ಟೆ ಹೊರೆದರು, ನಾನು ಆರಿಸಿ ಹೊರೆಯುತ್ತೇನೆ ಎಂದು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಗುತ್ತಿದ್ದ. ಈಗ ಆ ತಮಾಷೆ ಕೇಳಿ ಬಹಳ ದಿನವಾಯಿತು.

ಎಲ್ಲಕ್ಕೂ ಕಾರಣ ಹೊಸ ಗಾಡಿಯ ದೀಪ. ಹಳೆಯ ಗಾಡಿಯ ನೆತ್ತಿಯ ಮೇಲೆ ಒಂದೇ ಒಂದು ಕೆಂಪು ದೀಪವಿತ್ತು, ಅದೂ ಮನಸ್ಸು ಬಂದರೆ ತಿರುಗುತ್ತಿತ್ತು. ಹೊಸದಕ್ಕೆ ತಲೆಯ ಮೇಲೆ ಉದ್ದಕ್ಕೂ ಕೆಂಪು, ನೀಲಿ ದೀಪಗಳ ಸಾಲು. ಬಂಪರಿನ ಹತ್ತಿರ, ಪಕ್ಕದಲ್ಲಿ, ಹಿಂದೆ ಕೂಡ ದೀಪ. ಎತ್ತರದ್ದು ದೂರದವರಿಗೆ ಕಾಣುತ್ತದೆ, ತಗ್ಗಿನದು ಮುಂದಿರುವ ಗಾಡಿಯವನ ಕನ್ನಡಿಯಲ್ಲಿ ಮಿನುಗುತ್ತದೆ, ಎಲ್ಲರೂ ಪಕ್ಕಕ್ಕೆ ಸರಿಯುತ್ತಾರೆ ಎಂಬುದು ಲೆಕ್ಕಾಚಾರ. ಲೆಕ್ಕ ಹಾಕಿದ ಪುಣ್ಯಾತ್ಮರು ಡಿಸೆಂಬರಿನಲ್ಲಿ ನಮ್ಮ ಹೊಣಕೆರೆ ಕಡೆ ಬಂದವರಲ್ಲ. ನೀಲಿ ಕಂಡ ಕೂಡಲೇ ಹೆಲ್ಮೆಟ್ ಇಲ್ಲದ ಬೈಕಿನವರು ಪೊಲೀಸರೆಂದು ಹೊಲಕ್ಕಿಳಿದು ಓಡುತ್ತಾರೆ. ಆ ದೀಪದಿಂದ ನಮಗಾದ ಲಾಭ ಅದೊಂದೇ.

ಆ ತಿಂಗಳುಗಳಲ್ಲಿ ಅಲ್ಲಿ ಟಾರು ರಸ್ತೆಯೇ ಕಣ. ಒಣಗಿದ ಹುರುಳಿ ಗಿಡಗಳನ್ನು ರಸ್ತೆಗೆ ಹರಡಿದರೆ ಬಸ್ಸು, ಲಾರಿಗಳು ತುಳಿದು ಕಾಳು ಬಿಡಿಸುತ್ತವೆ. ಗಾಡಿ ಭಾರವಿದ್ದಷ್ಟೂ ಒಕ್ಕಣೆ ಚೆನ್ನ. ಟ್ಯಾಂಕಿನ ತುಂಬ ನೀರು ಹೊತ್ತ ನಮ್ಮ ಗಾಡಿಗಿಂತ ಭಾರದ್ದು ಅಲ್ಲಿ ಇನ್ನಾವುದು ಬರಬೇಕು? ಇಳಿಜಾರಿನ ನೇರ ರಸ್ತೆ ಬೇರೆ. ಸೈರನ್ ಕೇಳುವ ಮೊದಲೇ ನೆತ್ತಿಯ ಕೆಂಪು ಕಾಣುತ್ತದೆ. ಕಂಡ ತಕ್ಷಣ ಹೆಂಗಸರು ಬದಿಯಲ್ಲಿ ಒಟ್ಟಿದ್ದ ಹುರುಳಿಯನ್ನೆಲ್ಲ ಎಳೆದೆಳೆದು ರಸ್ತೆಗೆ ಹಾಸಿ, ದೂರ ನಿಂತು, ಬನ್ನಿ ಬನ್ನಿ ಎಂದು ಕೈ ಬೀಸುತ್ತಾರೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಹೋದ ವರ್ಷ ಆ ಕಡೆಯ ಊರೊಂದರಲ್ಲಿ ಚಿಕ್ಕಸ್ವಾಮಿ ಎಂಬುವವನ ಹುಲ್ಲಿನ ಮೆದೆಗೆ ಬೆಂಕಿ ಬಿತ್ತು. ಅವನ ಹಸುಗಳಿಗೆ ವರ್ಷದ ಮೇವು ಅದು. ದಾರಿಯಲ್ಲಿ ಹುರುಳಿ ಬಳ್ಳಿ ನಮ್ಮ ಗಾಡಿಯ ಅಡಿಗೆ ಸುತ್ತಿಕೊಂಡು ಹೊಗೆ ಬಂತು. ಬೆಂಕಿ ಆರಿಸಲು ಹೊರಟವರ ಗಾಡಿಗೇ ಬೆಂಕಿ ಹತ್ತುವ ಹಾಗಾಯಿತು. ನಿಲ್ಲಿಸಿ, ಅಡಿಗೆ ನುಸುಳಿ, ಕುಡುಗೋಲಿನಲ್ಲಿ ಕತ್ತರಿಸಿ ತೆಗೆದು ಊರು ಮುಟ್ಟುವಷ್ಟರಲ್ಲಿ ಮೆದೆ ನೆಲಸಮವಾಗಿತ್ತು. ಚಿಕ್ಕಸ್ವಾಮಿ ಬೈಯಲಿಲ್ಲ, ಕೂಗಲಿಲ್ಲ.

"ಬೂದಿ ಆರ್ಸಕ್ ಬಂದ್ರಾ ಸುಬ್ರಮಣ್ಯಣ್ಣ?" ಎಂದ, ಅಷ್ಟೇ.

ಆ ಮಾತು ಇವನಿಗೆ ಮುಳ್ಳಿನ ಹಾಗೆ ನಾಟಿತು. ಇನ್ನೊಂದು ಸಲವಾದರೂ ಬೂದಿಯಾಗುವ ಮೊದಲು ಮುಟ್ಟಬೇಕು ಎಂಬುದೊಂದೇ ಹಟ. ಮೇಲಿನ ದೀಪ ಕಿತ್ತು ಬರೀ ಕೆಳಗಿನವನ್ನು ಉಳಿಸಿ ಎಂದು ಸಾಹೇಬರನ್ನು ಕೇಳಿದ. ಕೆಳಗಿದ್ದರೆ ದೂರಕ್ಕೆ ಕಾಣುವುದಿಲ್ಲವಲ್ಲಯ್ಯ ಎಂದರು ಅವರು. ಕಾಣಬಾರದು ಅಂತಲೇ ಕೇಳುತ್ತಿದ್ದೇನೆ ಸಾರ್ ಎಂದ ಇವನು. ಸಾಹೇಬರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಈ ವರ್ಷ ಅದೇ ಊರಿನಿಂದ ಮತ್ತೆ ಕರೆ ಬಂತು. ಮಾದಮ್ಮ ಎಂಬಾಕೆಯ ಕೊಟ್ಟಿಗೆಗೆ ಅಂಟಿಕೊಂಡಿದ್ದ ಮೆದೆ ಹೊತ್ತಿತ್ತು. ಇಳಿಜಾರು ಸಿಕ್ಕಿದ್ದೇ ತಡ, ಸುಬ್ರಹ್ಮಣ್ಯ ಕೈ ಚಾಚಿ ದೀಪ, ಸೈರನ್ ಎರಡನ್ನೂ ಆರಿಸಿಬಿಟ್ಟ. ತಪ್ಪಾಗುತ್ತದೆ ಅಣ್ಣ ಎಂದೆ. ಬಾಯಿ ಮುಚ್ಕಂಡ್ ಕೂತ್ಕ ಎಂದ. ನಿಜ ಹೇಳಬೇಕೆಂದರೆ ಆ ಉಪಾಯ ಫಲಿಸಿತು. ಯಾರೂ ಹೊಸದಾಗಿ ಹರಡಲಿಲ್ಲ, ಗಾಡಿ ಸರಾಗವಾಗಿ ಹೋಯಿತು. ಬಹಳ ದಿನದ ಮೇಲೆ ಅವನ ಮುಖದಲ್ಲಿ ನಗು ಕಂಡೆ.

ತಿರುವಿನಲ್ಲಿ ರಸ್ತೆಗೆ ಮೊದಲೇ ಹಾಸಿದ್ದ ಹುರುಳಿಯ ನಡುವೆ ಒಬ್ಬ ಮುದುಕಿ ನಮಗೆ ಬೆನ್ನು ಹಾಕಿ ಕೂತು ಮೊರದಲ್ಲಿ ಕಾಳು ಕೇರುತ್ತಿದ್ದಳು.

ಸುಬ್ರಹ್ಮಣ್ಯ ಬ್ರೇಕಿನ ಮೇಲೆ ನಿಂತೇಬಿಟ್ಟ. ಟ್ಯಾಂಕಿನ ನೀರು ಮುಂದಕ್ಕೆ ನುಗ್ಗಿ ಗಾಡಿಯನ್ನು ತಳ್ಳಿತು. ಹುರುಳಿಯ ಮೇಲೆ ಚಕ್ರ ಜಾರಿತು. ಗಾಡಿ ನಿಂತಾಗ ಬಂಪರಿಗೂ ಅವಳ ಬೆನ್ನಿಗೂ ನಡುವೆ ಇದ್ದದ್ದು ಒಂದು ಮೊರದಷ್ಟು ಜಾಗ. ಅವಳು ದೊಡ್ಡತಾಯಮ್ಮ, ಕೈ ಬೀಸಿ ಕರೆಯುವವರಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವಳು. ನಾವು ಇಳಿದು ಎತ್ತಿ ನಿಲ್ಲಿಸಿದೆವು.

"ಯಾಕಪ್ಪ, ಲೈಟು ಆಕಿರ್ನಿಲ್ವಾ?" ಎಂದಳು ಅವಳು. "ಲೈಟು ಕಂಡಿದ್ರೆ ಇವ್ರೆಲ್ಲ ಕೂಗೋರು, ನಾನೂ ಎದ್ದೋಗ್ತಿದ್ನಲ್ಲಪ್ಪ."

ಸುಬ್ರಹ್ಮಣ್ಯ ಗಾಡಿ ಹತ್ತಿ ಮೇಲಿನದು, ಕೆಳಗಿನದು, ಪಕ್ಕದ್ದು, ಇದ್ದ ದೀಪವನ್ನೆಲ್ಲ ಹಾಕಿದ, ಸೈರನ್ನನ್ನೂ ಬಿಟ್ಟ. ದೂರದಲ್ಲಿದ್ದ ಹೆಂಗಸರು ತಲೆ ಎತ್ತಿ ನೋಡಿದರು. ಮರುಕ್ಷಣವೇ ಹುರುಳಿ ಎಳೆದು ಹಾಸತೊಡಗಿದರು. ನಾನು ಕಿಟಕಿಯಿಂದ ತಲೆ ಹಾಕಿ ಬೈಯಲು ಹೋದೆ. ಅವನು ನನ್ನ ತೋಳು ಹಿಡಿದ.

"ಅರಡ್ಲಿ ಬುಡ್ಲಾ. ಅರಡಿದ್ಮೇಲೆ ದೂರ ನಿಂತ್ಕತಾರಲ್ಲ."

ಕೊಟ್ಟಿಗೆ ಉಳಿಯಿತು, ದನ ಉಳಿದವು. ಮೆದೆ ಮಾತ್ರ ಪೂರ್ತಿ ಹೋಯಿತು. ಮಾದಮ್ಮ ಬೂದಿಯನ್ನೇ ನೋಡುತ್ತ ನಿಂತಿದ್ದಳು. ಸುಬ್ರಹ್ಮಣ್ಯ ಅವಳ ಕಡೆ ಮುಖ ಕೊಡದೆ ಪೈಪು ಸುತ್ತಿದ.

ಹಿಂದಿರುಗುವಾಗ ಅದೇ ತಿರುವಿನಲ್ಲಿ ದೊಡ್ಡತಾಯಮ್ಮ ಸುಧಾರಿಸಿಕೊಂಡು ನಿಂತಿದ್ದಳು. ರಸ್ತೆಗೆ ಹೊಸ ಹುರುಳಿ ಹಾಸಿತ್ತು. ಇನ್ನೊಂದು ಸಲ ಅದರ ಮೇಲೇ ಹತ್ತಿಸಿಕೊಂಡು ಹೋಗಪ್ಪ ಎಂದು ಮೊರ ಎತ್ತಿ ಕೂಗಿದಳು.

ಸುಬ್ರಹ್ಮಣ್ಯ ಗಾಡಿ ನಿಧಾನ ಮಾಡಿ ಕಿಟಕಿಯಿಂದ ಬಗ್ಗಿದ.

"ನೀರೆಲ್ಲ ಖಾಲಿಯಾಗೈತೆ ಕಣವ್ವ. ಈಗ ಭಾರ ಇಲ್ಲ," ಎಂದ.

ಆದರೂ ಅದರ ಮೇಲೇ ಹತ್ತಿಸಿದ. ಬೆಂಕಿ ಆರಿ ಬಹಳ ಹೊತ್ತಾಗಿದ್ದರೂ ಅವನು ಒಂದು ದೀಪವನ್ನೂ ಆರಿಸಿರಲಿಲ್ಲ.